ಗೋಬಿ ಮಂಚೂರಿ: ಸಣ್ಣ ತಟ್ಟೆಯ ವ್ಯಾಪಾರದಲ್ಲಿ ಬಣ್ಣದ ಲೆಕ್ಕ

ಚೀನೀ ಸಾಸು, ದೇಶೀ ಶುಂಠಿ-ಬೆಳ್ಳುಳ್ಳಿ, ಹೂಕೋಸು ಒಂದೇ ಬಾಣಲೆಯಲ್ಲಿ ಕೂಡಿದ ತಿನಿಸು ಗೋಬಿ ಮಂಚೂರಿ. ಇದರ ಮೂಲವಾದ ಚಿಕನ್ ಮಂಚೂರಿಯನ್ 1975ರಲ್ಲಿ ಮುಂಬಯಿಯಲ್ಲಿ ನೆಲ್ಸನ್ ವಾಂಗ್ ಅವರ ಕೈಯಲ್ಲಿ ರೂಪುಗೊಂಡಿತೆಂಬುದು ಪ್ರಸಿದ್ಧ. ಮಂಚೂರಿಯಾ ಪ್ರಾಂತದೊಡನೆ ಇದಕ್ಕಿರುವುದು ಹೆಸರಿನ ನಂಟು ಮಾತ್ರ. ಜೊತೆಗೆ ಬಡಿಸುವ ಫ್ರೈಡ್ ರೈಸ್‌ಗೆ ಬೇಕಾದ ಸೋನಾ ಮಸೂರಿಯಂತೂ ರಾಯಚೂರಿನ ವರ್ತಕರಿಗೆ ಮಾನ್ವಿ, ಸಿಂಧನೂರುಗಳಲ್ಲಿಯೇ ದೊರೆಯುತ್ತದೆ.

ಗಮನಿಸಬೇಕಾದುದು ಬಣ್ಣವನ್ನು. 2024ರ ಮಾರ್ಚ್ 11ರಂದು ರಾಜ್ಯ ಸರ್ಕಾರ ಪ್ರಕಟಿಸಿದಂತೆ, ಪರೀಕ್ಷಿಸಿದ 171 ಗೋಬಿ ಮಾದರಿಗಳಲ್ಲಿ 107ರಲ್ಲಿ ಟಾರ್ಟ್ರಜೈನ್, ಸನ್‌ಸೆಟ್ ಯೆಲ್ಲೊ, ಕಾರ್ಮೋಸಿನ್ ಮೊದಲಾದ ಅಸುರಕ್ಷಿತ ಕೃತಕ ಬಣ್ಣಗಳಿದ್ದವು. ನಿಷೇಧ ಬಣ್ಣಕ್ಕೆ, ತಿನಿಸಿಗಲ್ಲ.

ಬದಲಿ ದೂರದಲ್ಲಿಲ್ಲ. ಬ್ಯಾಡಗಿ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು. ಅದರ ಕೆಂಪು ನೀರಿನಲ್ಲಿ ಕರಗದು, ಎಣ್ಣೆಯಲ್ಲಿ ಬಿಡುತ್ತದೆ. ಆದ್ದರಿಂದ ನೆನೆಸಿ ಅರೆದ ಮುದ್ದೆಯನ್ನು ಸಣ್ಣ ಉರಿಯಲ್ಲಿ ಎಣ್ಣೆಯೊಡನೆ ಬಾಡಿಸಿ, ತರುವಾಯ ಸಾಸು ಸೇರಿಸಬೇಕು. ಹಿಟ್ಟಿಗೆ ಬೆರೆಸಿದ ಪುಡಿ ಕರಿಯುವಾಗ ಕಪ್ಪಾಗುತ್ತದೆ. ಖರ್ಚು ಏರುವುದು ನಿಜ. ಅದನ್ನು ಹೂಕೋಸಿನ ತೂಕದಲ್ಲಿ ಮರೆಮಾಚದೆ ತಟ್ಟೆಯ ದರದಲ್ಲಿಯೇ ತೋರಿಸುವುದು ಲೇಸು. ಶೇ. 5ರ ಜಿ.ಎಸ್.ಟಿ. ತೆರುವ ಹೋಟೆಲಿಗೆ ಸಾಸು, ಮೆಣಸಿನ ಪುಡಿಗಳ ಮೇಲೆ ಕೊಟ್ಟ ತೆರಿಗೆಯ ಹೂಡುವಳಿ ಜಮೆ ದೊರೆಯದಾದ್ದರಿಂದ, ಅದನ್ನೂ ವೆಚ್ಚದ ಪಟ್ಟಿಗೇ ಸೇರಿಸಬೇಕಾಗುತ್ತದೆ.