ಬಾಣಂತಿಗೂ ರೋಗಿಗೂ ಸಲ್ಲತಕ್ಕ ರಜೆ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೀಮೆಗಳ ಕಾಫಿ ತೋಟಗಳಲ್ಲಿ ಕೂಲಿಯಿಂದ ಜೀವಿಸುವವರು ಬಹು ಮಂದಿ. ಕೂಲಿ ತಪ್ಪೀತೆಂಬ ಭಯದಿಂದ ಬಾಣಂತಿಯು ಹಸುಗೂಸನ್ನು ಬಿಟ್ಟು ಹಣ್ಣು ಕೊಯ್ಯಲು ಹೋಗುವದೂ, ಜ್ವರ ಹಿಡಿದವನು ಕಂಬಳಿ ಹೊದ್ದು ಕೆಲಸಕ್ಕೆ ನಿಲ್ಲುವದೂ ಉಂಟು. ರಜೆಯು ಧಣಿಯ ದಯೆಯೆಂದು ಇವರು ನೆನಸುತ್ತಾರೆ. ಹಾಗಲ್ಲ, ಅದು ಕಾಯಿದೆಯ ಪ್ರಕಾರ ಸಲ್ಲತಕ್ಕ ಹಕ್ಕು. ಇದನ್ನು ನಾವು ಕ್ರಮವಾಗಿ ತಿಳಿದುಕೊಳ್ಳೋಣ.

ಈ ಹಕ್ಕುಗಳು ಮುಂಚೆ 1951ರ ತೋಟ ಕಾರ್ಮಿಕರ ಕಾಯಿದೆಯಲ್ಲಿಯೂ 1961ರ ಹೆರಿಗೆ ಸೌಲಭ್ಯ ಕಾಯಿದೆಯಲ್ಲಿಯೂ ಇದ್ದವು. 2017ರಲ್ಲಿ 12 ವಾರಗಳ ಹೆರಿಗೆ ರಜೆಯು 26 ವಾರಗಳಿಗೆ ಏರಿತು. 2025ನೆಯ ನವೆಂಬರ್ 21ರಿಂದ ಅವುಗಳ ಸ್ಥಾನದಲ್ಲಿ 2020ರ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ.

ಒಂದನೆಯದು, ಹೆರಿಗೆ. ಹೆರಿಗೆಯ ನಿರೀಕ್ಷಿತ ದಿನಕ್ಕೆ ಹಿಂದಿನ 12 ತಿಂಗಳಲ್ಲಿ 80 ದಿವಸವಾದರೂ ಆ ತೋಟದಲ್ಲಿ ಕೆಲಸಮಾಡಿದವಳಿಗೆ ಕೂಲಿಸಹಿತ 26 ವಾರ ರಜೆಯುಂಟು. ಅದರಲ್ಲಿ ಹೆರಿಗೆಗೆ ಮುಂಚೆ 8 ವಾರಕ್ಕೆ ಮೀರಕೂಡದು. ಈಗಾಗಲೇ ಇಬ್ಬರು ಮಕ್ಕಳುಳ್ಳವಳಿಗೆ 12 ವಾರ. ಗರ್ಭಪಾತವಾದರೆ 6 ವಾರ. ಹೆತ್ತ ತರುವಾಯ 6 ವಾರ ಅವಳಿಂದ ಕೆಲಸ ಮಾಡಿಸುವದೇ ನಿಷಿದ್ಧ. ಈ ರಜೆಯ ನಿಮಿತ್ತ ಅವಳನ್ನು ಕೆಲಸದಿಂದ ತೆಗೆಯುವದು ನ್ಯಾಯವಿರುದ್ಧ.

ಎರಡನೆಯದು, ವಾರ್ಷಿಕ ರಜೆ. ವರುಷದಲ್ಲಿ 180 ದಿವಸ ದುಡಿದವರಿಗೆ ಪ್ರತಿ 20 ದಿವಸಕ್ಕೆ 1 ದಿವಸ ಕೂಲಿಸಹಿತ ರಜೆ. 240 ದಿವಸ ದುಡಿದರೆ 12 ದಿವಸ. ಮುದಿ ತಾಯಿಯ ಶುಶ್ರೂಷೆಗೆಂದು ಸಂಹಿತೆಯು ಪ್ರತ್ಯೇಕ ರಜೆಯನ್ನು ಕೊಟ್ಟಿಲ್ಲ. ಆದಕಾರಣ ಈ ದಿನಗಳನ್ನು ವಿವೇಕದಿಂದ ಕಾಪಾಡಿಕೊಳ್ಳತಕ್ಕದ್ದು.

ಮೂರನೆಯದು, ರೋಗ. ಇ.ಎಸ್.ಐ.ಗೆ ಸೇರಿ ಬೇಕಾದ ಚಂದಾ ಸಂದಿದ್ದರೆ, ವೈದ್ಯರ ಪತ್ರದ ಮೇಲೆ ವರುಷಕ್ಕೆ 91 ದಿವಸದ ವರೆಗೆ ಕೂಲಿಯ ನೂರರಲ್ಲಿ 70 ಪಾಲು ದೊರೆಯುವದು. ಅಂಥವಳಿಗೆ ಹೆರಿಗೆಯ ಹಣವೂ ಅಲ್ಲಿಂದಲೇ ಬರುವದು.

ಆದರೆ ಒಂದು ದುಃಖದ ಮಾತನ್ನು ಮರೆಮಾಡಲಾರೆವು. ನಾಲ್ಕೈದು ಆಳುಗಳಿರುವ ಅಡಿಕೆ ತೋಟಗಳಿಗೆ ಸಾಮಾನ್ಯವಾಗಿ ಈ ರಜೆಗಳು ತಲಪುವದಿಲ್ಲ. ಅಲ್ಲಿಯ ಬಡ ಗರ್ಭಿಣಿಯು ಮೊದಲನೆಯ ಕೂಸಿಗಾಗಿ ಅಂಗನವಾಡಿಯಲ್ಲಿ ಮಾತೃವಂದನಾ ಯೋಜನೆಯ 5,000 ರೂಪಾಯಿಗೆ ಅರ್ಜಿ ಕೊಡಲಿ.

ಇನ್ನು ಮಾಡತಕ್ಕದ್ದೇನು? ರಜೆಯನ್ನು ಬಾಯಿಮಾತಿನಿಂದ ಕೇಳದೆ ಬರವಣಿಗೆಯಲ್ಲಿ ಕೇಳಿರಿ. ಒಂದು ಪ್ರತಿಯನ್ನು ಇಟ್ಟುಕೊಳ್ಳಿರಿ. ರೈಟರು ಬರೆದ ಹಾಜರಿಯನ್ನು ಆಗಾಗ್ಗೆ ನೋಡಿಕೊಳ್ಳಿರಿ, ಯಾಕಂದರೆ 80 ದಿವಸಕ್ಕೂ 180 ದಿವಸಕ್ಕೂ ಅದೇ ಸಾಕ್ಷಿ. ಧಣಿಯು ಕೊಡತಕ್ಕ ಹೆರಿಗೆಯ ಹಣದಲ್ಲಿ ಮುಂಚಿನ ಭಾಗವನ್ನು ಗರ್ಭದ ದಾಖಲೆ ಕೊಟ್ಟಾಗ ಮುಂಗಡವಾಗಿಯೂ, ಉಳಿದದ್ದನ್ನು ಹೆರಿಗೆಯ ದಾಖಲೆ ಕೊಟ್ಟ 48 ತಾಸುಗಳೊಳಗೂ ಸಲ್ಲಿಸಬೇಕು. ಕೊಡದಿದ್ದರೆ ಕಾರ್ಮಿಕ ಇಲಾಖೆಯ ಅಧಿಕಾರಿಗೆ ದೂರು ಕೊಡಬಹುದು.

ಓದುಬರಹ ಬಲ್ಲವರೇ, ನಿಮ್ಮ ಲೈನುಮನೆಗಳಲ್ಲಿ ಬರೆಯಲಾರದ ಗರ್ಭಿಣಿಯಿದ್ದರೆ ಅವಳ ಅರ್ಜಿಯನ್ನು ಈ ವಾರವೇ ಬರೆದುಕೊಡಿರಿ.