ಬೀಜ ಊರಿನದಿರಲಿ, ಪಂಚಾಂಗ ಇಲ್ಲಿಯದಿರಲಿ

ಕನ್ನಡನಾಡಿನಿಂದ ಬಂದು ದೆಹಲಿ ಪಕ್ಕದ ಇಂದಿರಾಪುರಂನ ಅಹಿಂಸಾ ಖಂಡದಲ್ಲೋ ವೈಭವ ಖಂಡದಲ್ಲೋ ಮನೆ ಮಾಡಿಕೊಂಡಿರುವ ಮಕ್ಕಳೇ, ಬಾಲ್ಕನಿಯಲ್ಲಿ ನಾಲ್ಕು ಕುಂಡ ಇಟ್ಟು ವರ್ಷ ತುಂಬುವುದರೊಳಗೆ ಕೈಚೆಲ್ಲಿದವರನ್ನು ನಿಮ್ಮಲ್ಲಿ ಬಹಳ ನೋಡಿದ್ದೇನೆ. ನಿಮಗೆ ಆಸೆ ಕಡಿಮೆಯಿಲ್ಲ, ಕೈಗುಣವೂ ಕೆಟ್ಟದ್ದಲ್ಲ. ಊರಿನ ತಿಂಗಳು ನೋಡಿ ಇಲ್ಲಿ ಬೀಜ ಹಾಕುತ್ತೀರಿ, ಎಡವುವುದು ಅಲ್ಲಿ.

ಬೆಂಗಳೂರಿನಲ್ಲಿ ಡಾ. ಬಿ.ಎನ್. ವಿಶ್ವನಾಥ್ ಅವರಂಥವರು ತಾರಸಿ ತೋಟವನ್ನು ಮನೆಮನೆಗೆ ಮುಟ್ಟಿಸಿದರು. ಅಲ್ಲಿಯವರ ವಿಡಿಯೊ ನೋಡಿ, ಅಮ್ಮನಿಗೆ ಫೋನು ಮಾಡಿ ಕೇಳಿ, ನೀವು ಕೆಲಸಕ್ಕೆ ಕೈಹಾಕುತ್ತೀರಿ. ಅವರು ಹೇಳುವುದೆಲ್ಲ ಸರಿಯೇ, ಆದರೆ ಆ ಹವೆಗೆ ಸರಿ. ಅಲ್ಲಿ ವರ್ಷದ ಯಾವ ತಿಂಗಳಲ್ಲಿ ಕೊತ್ತಂಬರಿ ಚೆಲ್ಲಿದರೂ ಏನೋ ಒಂದಿಷ್ಟು ಕೈಗೆ ಬರುತ್ತದೆ. ಇಲ್ಲಿ ಜನವರಿಯ ರಾತ್ರಿ ಮೂರು ನಾಲ್ಕು ಡಿಗ್ರಿಗೆ ಇಳಿಯುತ್ತದೆ, ಮೇ ಕೊನೆಗೆ 45 ಮುಟ್ಟುತ್ತದೆ, ಅದರ ಮೇಲೆ ಲೂ ಎಂಬ ಬಿಸಿಗಾಳಿ. ಏಪ್ರಿಲ್‌ನಲ್ಲಿ ಬಿತ್ತಿದ ಕೊತ್ತಂಬರಿ ಎಲೆ ಬಿಡುವ ಮೊದಲೇ ಹೂಕಡ್ಡಿ ಎತ್ತುತ್ತದೆ. ಟೊಮೆಟೊ ಗಿಡ ಹೂ ತುಂಬಿ ನಿಂತಿದ್ದರೂ ಮೇ ತಿಂಗಳಲ್ಲಿ ರಾತ್ರಿಯೂ ಸೆಕೆ ಇಳಿಯದಿದ್ದಾಗ ಕಾಯಿ ಕಟ್ಟದೆ ಹೂವೆಲ್ಲ ಉದುರುತ್ತದೆ. ಅದಕ್ಕೆ ಗೊಬ್ಬರ ಸುರಿದು ಫಲವಿಲ್ಲ.

ಇಲ್ಲಿಯ ಲೆಕ್ಕ ಬೇರೆ, ಸರಳವಾಗಿಯೂ ಇದೆ. ದಸರೆಯ ಆಸುಪಾಸಿನಿಂದ ಮಾರ್ಚ್‌ವರೆಗೆ ಸೊಪ್ಪಿನ ಕಾಲ: ಮೆಂತ್ಯ, ಪಾಲಕ್, ಕೊತ್ತಂಬರಿ, ಸಬ್ಬಸಿಗೆ, ಮೂಲಂಗಿ. ಟೊಮೆಟೊ ಸಸಿಯನ್ನು ಜನವರಿ ಕೊನೆಯಲ್ಲಿ ನೆಟ್ಟರೆ ಮಾರ್ಚ್, ಏಪ್ರಿಲ್‌ನಲ್ಲಿ ಹಣ್ಣು. ಬೆಂಡೆಗೆ ಫೆಬ್ರವರಿ ಕೊನೆ, ಇಲ್ಲವೇ ಮೊದಲ ಮಳೆ. ದಂಟು ಮತ್ತು ಬಸಳೆ ಮಾತ್ರ ನಮ್ಮವರ ಪುಣ್ಯ. ಈ ಎರಡೂ ಬಿಸಿಲನ್ನು ಉಂಡು ಬೆಳೆಯುವಂಥವು, ಮಾರ್ಚ್‌ನಲ್ಲಿ ಹಾಕಿದರೆ ಮಳೆಗಾಲ ಮುಗಿಯುವವರೆಗೂ ಕೊಯ್ಯಬಹುದು. ಮಿಕ್ಕ ಸೊಪ್ಪೆಲ್ಲ ಬಾಡುವ ಜೂನ್‌ನಲ್ಲಿ ಮನೆಯ ಹುಳಿಗೆ ಸೊಪ್ಪು ಕೊಡುವುದು ಅವೇ.

ಬೀಜವನ್ನು ಊರಿಂದ ತನ್ನಿ, ಬೇಡವೆನ್ನುವುದಿಲ್ಲ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ತನ್ನ ತಳಿಗಳಿಗೆಲ್ಲ ಅಲ್ಲಿಯ ಅರ್ಕಾವತಿ ನದಿಯ ನೆನಪಿಗೆ ‘ಅರ್ಕಾ’ ಎಂದು ಹೆಸರಿಟ್ಟಿದೆ. ಅದರ ‘ಅರ್ಕಾ ಸುಗುಣಾ’ ದಂಟನ್ನು ಕಡಿದಷ್ಟೂ ಚಿಗುರುತ್ತದೆ. ಮಳೆಗಾಲದಲ್ಲಿ ಇಲ್ಲಿ ಬಿಳಿನೊಣ ಹತ್ತಿ ಬೆಂಡೆಯ ಎಲೆಯ ನರವೆಲ್ಲ ಹಳದಿಯಾಗುತ್ತದಲ್ಲ, ಆ ನಂಜುರೋಗವನ್ನು ತಡೆಯಲೆಂದೇ ‘ಅರ್ಕಾ ಅನಾಮಿಕಾ’ ಬಂದದ್ದು. ದೆಹಲಿಯಲ್ಲಿ ಪೂಸಾ ಇದೆ. 1905ರಲ್ಲಿ ಬಿಹಾರದ ಪೂಸಾ ಎಂಬ ಊರಿನಲ್ಲಿ ಹುಟ್ಟಿದ ಕೃಷಿ ಸಂಶೋಧನಾ ಸಂಸ್ಥೆ ಅದು. 1934ರ ಭೂಕಂಪದಲ್ಲಿ ಕಟ್ಟಡ ಕುಸಿದ ಮೇಲೆ 1936ರಲ್ಲಿ ದೆಹಲಿಗೆ ಬಂತು, ಹಳೆಯ ಊರಿನ ಹೆಸರನ್ನು ಬಿಡದೆ ಇಲ್ಲಿಯ ಮಣ್ಣಿಗೆ ಹೊಂದಿಕೊಂಡಿತು. ಚಳಿಗಾಲದ ಕೊನೆಗೆ ಅಲ್ಲಿ ನಡೆಯುವ ಕೃಷಿಮೇಳಕ್ಕೆ ಒಮ್ಮೆ ಹೋಗಿ ಬನ್ನಿ. ಬೀಜವೂ ಸಿಗುತ್ತದೆ, ಕೇಳಿದರೆ ವಿಜ್ಞಾನಿಗಳು ನಿಂತು ಉತ್ತರಿಸುತ್ತಾರೆ.

ಕುಂಡ ಕೊಳ್ಳುವ ಮೊದಲು ಬಾಲ್ಕನಿ ಯಾವ ದಿಕ್ಕಿಗಿದೆ ನೋಡಿ. ಬೆಂಗಳೂರಿನಲ್ಲಿ ಬೇಸಿಗೆಯ ಕೆಲವು ತಿಂಗಳು ನಡುಹಗಲ ಸೂರ್ಯ ಉತ್ತರಕ್ಕೆ ವಾಲುತ್ತಾನೆ. ನಾವಿರುವುದು ಕರ್ಕಾಟಕ ಸಂಕ್ರಾಂತಿ ವೃತ್ತಕ್ಕೂ ಮೇಲೆ, ಇಲ್ಲಿ ನಡುಹಗಲ ಸೂರ್ಯ ವರ್ಷವಿಡೀ ದಕ್ಷಿಣದಲ್ಲೇ. ಆದ್ದರಿಂದ ದಕ್ಷಿಣದ ಬಾಲ್ಕನಿಗೆ ಡಿಸೆಂಬರ್‌ನಲ್ಲಿ ಬಿಸಿಲು ಒಳಕೋಣೆಯವರೆಗೂ ಹರಿದು ಬರುತ್ತದೆ, ಸೊಪ್ಪಿಗೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಉತ್ತರದ ಬಾಲ್ಕನಿಯವರು ಚಳಿಗಾಲದಲ್ಲಿ ಹೂವು, ಕಾಯಿ ಎಂದು ಹಂಬಲಿಸದೆ ಪುದೀನ, ಒಂದೆಲಗ ಬೆಳೆದುಕೊಳ್ಳಿ. ಪಶ್ಚಿಮಕ್ಕೆ ಮೇ ತಿಂಗಳಲ್ಲಿ ಹಸಿರು ಬಲೆ ಕಟ್ಟದೆ ಗತಿಯಿಲ್ಲ.

ಒಂದು ಮಾತು ಖಡಾಖಂಡಿತವಾಗಿ ಹೇಳುತ್ತೇನೆ: ರೇಲಿಂಗ್ ಮೇಲೆ ಕುಂಡ ಇಡಬೇಡಿ. ನೀರುಂಡ ಹನ್ನೆರಡು ಇಂಚಿನ ಕುಂಡ ಇಪ್ಪತ್ತು ಕಿಲೊ ಮೀರಿ ತೂಗುತ್ತದೆ. ಇಲ್ಲಿ ಮೇ ತಿಂಗಳ ಸಂಜೆ ಆಂಧಿ ಎಂಬ ಧೂಳುಗಾಳಿ ಹೇಳಿ ಕೇಳಿ ಬರುವುದಿಲ್ಲ, ಕೆಳಗೆ ಮಕ್ಕಳು ಆಡುತ್ತಿರುತ್ತಾರೆ. ಕುಂಡದ ಜಾಗ ನೆಲ, ಅದೂ ಗೋಡೆಯ ಪಕ್ಕ.

ಇಲ್ಲಿಯ ಮಣ್ಣು ಯಮುನೆ, ಹಿಂಡನ್ ನದಿಗಳು ತಂದು ಹಾಸಿದ ಸಣ್ಣ ಮೆಕ್ಕಲು. ಅದನ್ನಷ್ಟೇ ತುಂಬಿದರೆ ನಾಲ್ಕು ಸಲ ನೀರು ಹಾಕುವುದರೊಳಗೆ ಗಟ್ಟಿಯಾಗಿ ಬೇರಿಗೆ ಉಸಿರಾಡಲು ಆಗದು. ಒಂದು ಪಾಲು ಮಣ್ಣಿಗೆ ಒಂದು ಪಾಲು ಹಳೆಯ ಕಾಂಪೋಸ್ಟ್, ಒಂದು ಪಾಲು ತೆಂಗಿನ ನಾರಿನ ಪುಡಿ, ಜೊತೆಗೆ ಒಂದು ಹಿಡಿ ಬೇವಿನ ಹಿಂಡಿ ಬೆರೆಸಿ. ಫೆಬ್ರವರಿ, ಮಾರ್ಚ್‌ನಲ್ಲಿ ಸೊಸೈಟಿಯ ಬೇವಿನ ಮರಗಳು ಎಲೆ ಉದುರಿಸುತ್ತವೆ. ಗುಡಿಸುವವರನ್ನು ಕೇಳಿ ಒಂದು ಚೀಲ ತಂದಿಟ್ಟುಕೊಳ್ಳಿ. ಅಡಿಗೆಮನೆಯ ಸಿಪ್ಪೆ ಒಂದು ಪದರ, ಒಣ ಎಲೆ ಎರಡು ಪದರ, ಹೀಗೆ ತೂತಿನ ಮಡಕೆಯಲ್ಲಿ ತುಂಬುತ್ತ ಹೋದರೆ ಎರಡು ಮೂರು ತಿಂಗಳಲ್ಲಿ ಗೊಬ್ಬರವಾಗುತ್ತದೆ. ಆ ಎಲೆ ಎಲ್ಲೋ ಒಂದು ಮೂಲೆಯಲ್ಲಿ ಉರಿದು ಈ ಊರಿನ ಹೊಗೆಗೆ ಸೇರುವುದೂ ತಪ್ಪುತ್ತದೆ.

ನೀರಿನ ವಿಷಯ ಸ್ವಲ್ಪ ಗಮನವಿಟ್ಟು ಕೇಳಿ. ಬೋರ್‌ವೆಲ್ ನೀರು ಗಡಸು, ಕುಂಡದ ಅಂಚಿಗೆ ಬಿಳಿ ಉಪ್ಪು ಕಟ್ಟುವುದು ಅದರಿಂದಲೇ. ಆರ್‌ಒ ಯಂತ್ರ ಹೊರಹಾಕುವ ನೀರಿನಲ್ಲಿ ಆ ಲವಣ ಇನ್ನೂ ಹೆಚ್ಚು, ಅದು ನೆಲ ಒರೆಸಲಿಕ್ಕಾಗಲಿ, ಗಿಡಕ್ಕೆ ಬೇಡ. ಅಕ್ಕಿ ಬೇಳೆ ತೊಳೆದ ನೀರು ಒಳ್ಳೆಯದು. ಜುಲೈ ಮಳೆಗೆ ಕುಂಡಗಳನ್ನು ಒಡ್ಡಿ, ಕೂತ ಉಪ್ಪು ತೊಳೆದು ಹೋಗುತ್ತದೆ. ಬೆರಳನ್ನು ಎರಡು ಗೆಣ್ಣು ಮಣ್ಣಿಗಿಳಿಸಿ ನೋಡಿ, ತೇವವಿದ್ದರೆ ಆ ದಿನ ನೀರು ಬೇಡ. ಮೇ ತಿಂಗಳಲ್ಲಿ ಎರಡು ಹೊತ್ತು ಕೇಳುವ ಗಿಡ, ಮಂಜು ಕವಿದ ಜನವರಿಯಲ್ಲಿ ವಾರಕ್ಕೊಮ್ಮೆ ಹಾಕಿದರೂ ಸುಮ್ಮನಿರುತ್ತದೆ. ತಟ್ಟೆಯಲ್ಲಿ ನಿಂತ ನೀರನ್ನು ವಾರಕ್ಕೆ ಒಮ್ಮೆಯಾದರೂ ಚೆಲ್ಲಿ ಉಜ್ಜಿ ಒಣಗಿಸಬೇಕು. ಡೆಂಗಿಯ ಸೊಳ್ಳೆ ಮೊಟ್ಟೆಯಿಂದ ರೆಕ್ಕೆಯವರೆಗೆ ಬೆಳೆಯಲು ಅದಕ್ಕೆ ಹೆಚ್ಚು ದಿನ ಬೇಕಿಲ್ಲ.

ಚಳಿಗಾಲದಲ್ಲಿ ನಿಮಗೆ ತಾಳ್ಮೆ ಬೇಕು. ಜನವರಿ ಬಂತೆಂದರೆ ಕರಿಬೇವಿನ ಎಲೆ ಹಳದಿಗೆ ತಿರುಗಿ ಒಂದೊಂದೇ ಉದುರಿ ಬರೀ ಕಡ್ಡಿ ನಿಲ್ಲುತ್ತದೆ. ಸತ್ತಿತೆಂದು ಕಿತ್ತು ಎಸೆಯಬೇಡಿ. ಉಗುರಿನಿಂದ ತೊಗಟೆಯನ್ನು ಒಂದು ಗೆರೆ ಕೆರೆದು ನೋಡಿ, ಒಳಗೆ ಹಸಿರಿದ್ದರೆ ಗಿಡಕ್ಕೆ ಜೀವವಿದೆ. ನೀರು ಕಡಿಮೆ ಮಾಡಿ ಬಿಟ್ಟುಬಿಡಿ. ಮಾರ್ಚ್‌ನಲ್ಲಿ ಅದೇ ಕಡ್ಡಿಯ ತುದಿಯಲ್ಲಿ ತಿಳಿಹಸಿರು ಚಿಗುರು ಒಡೆಯುತ್ತದೆ, ಆಗ ಹುಳಿಮಜ್ಜಿಗೆಯನ್ನು ನೀರಾಗಿಸಿ ಬುಡಕ್ಕೆ ಹಾಕಿ. ತುಳಸಿಯೂ ಚಳಿಗೆ ಒಣಗುತ್ತದೆ. ತುಳಸಿ ಒಣಗಿತೆಂದು ಮನೆಗೇನೋ ಕೇಡು ಬರುತ್ತದೆಂದು ಅಳುಕುವ ಹೆಣ್ಣುಮಕ್ಕಳಿದ್ದಾರೆ. ಅಳುಕಬೇಡಿ, ತಾಯಿ, ಅದು ಚಳಿಯ ಕೆಲಸ. ನವೆಂಬರ್‌ನಲ್ಲೇ ಕದಿರು ಒಣಗಿಸಿ ಬೀಜ ತೆಗೆದಿಟ್ಟುಕೊಂಡು ಮಾರ್ಚ್‌ನಲ್ಲಿ ಉದುರಿಸಿ.

ಹೂವಿನಲ್ಲಿ ನನ್ನ ಮೊದಲ ಓಟು ದುಂಡುಮಲ್ಲಿಗೆಗೆ. ಇಲ್ಲಿಯ ಮಾಲಿಗಳು ಅದನ್ನೇ ಮೊಗ್ರಾ ಎಂದು ಮಾರುತ್ತಾರೆ. ಎಲ್ಲರನ್ನೂ ಕಂಗೆಡಿಸುವ ಬಿಸಿಲು ಅದಕ್ಕೆ ಒಗ್ಗುತ್ತದೆ. ಜನವರಿ ಕೊನೆಯಲ್ಲಿ ಅರ್ಧಕ್ಕೆ ಕತ್ತರಿಸಿ, ಉಳಿದ ಹಳೆ ಎಲೆ ಸವರಿ, ಫೆಬ್ರವರಿಯಲ್ಲಿ ಗೊಬ್ಬರ ಕೊಟ್ಟರೆ ಏಪ್ರಿಲ್‌ನಿಂದ ಸಂಜೆ ಮೊಗ್ಗು ಬಿಡಿಸಿ ಮಾಲೆ ಕಟ್ಟುವಷ್ಟು ಬಿಡುತ್ತದೆ. ಕನಕಾಂಬರ ಚಳಿ ತಡೆಯದು, ಡಿಸೆಂಬರ್‌ನಲ್ಲಿ ಕಿಟಕಿಯೊಳಗೆ ತೆಗೆದುಕೊಳ್ಳಿ. ಸೇವಂತಿಗೆಗೆ ಮಳೆಗಾಲದಲ್ಲಿ ಕಡ್ಡಿ ನೆಡಿ. ರಾತ್ರಿ ದೀರ್ಘವಾದಂತೆ ಮೊಗ್ಗು ಹಿಡಿಯುವ ಗಿಡ ಅದು. ಅಕ್ಟೋಬರ್‌ನಲ್ಲಿ ಬಾಲ್ಕನಿಯ ದೀಪ ರಾತ್ರಿಯೆಲ್ಲ ಉರಿದರೆ ಮೊಗ್ಗೇ ಬರುವುದಿಲ್ಲ, ಆರಿಸಿ ಮಲಗಿ.

ನಾಲ್ಕು ಕುಂಡ ಇಟ್ಟರೆ ದೆಹಲಿಯ ಗಾಳಿ ಶುದ್ಧವಾಗುತ್ತದೆಂದು ಮಾರುವವರ ಮಾತು ನಂಬಬೇಡಿ. ನಾಸಾ 1989ರಲ್ಲಿ ಮಾಡಿದ ಪ್ರಯೋಗವನ್ನು ಅವರು ಹೇಳುತ್ತಾರೆ. ಅದು ನಡೆದದ್ದು ಮುಚ್ಚಿದ ಪೆಟ್ಟಿಗೆಗಳಲ್ಲಿ, ಗಾಳಿಯಾಡುವ ಮನೆಗೆ ಆ ಲೆಕ್ಕ ಹೊಂದುವುದಿಲ್ಲ. ನವೆಂಬರ್‌ನಲ್ಲಿ ಎಲೆಯ ಮೇಲೆ ಕೂತ ಧೂಳು ತೊಳೆದು ಗಿಡಕ್ಕೆ ನೀವೇ ಉಪಕಾರ ಮಾಡಬೇಕು. ತುತ್ತಿನ ಸೊಪ್ಪಿಗಾಗಿ, ದೇವರ ಹೂವಿಗಾಗಿ, ಬೆಳಗ್ಗೆ ಆಫೀಸಿಗೆ ಓಡುವ ಮುಂಚೆ ಒಂದಿಷ್ಟು ಹೊತ್ತು ಕಣ್ಣಿಟ್ಟು ನೋಡುವುದಕ್ಕಾಗಿ ಬೆಳೆಯಿರಿ, ಅಷ್ಟು ಸಾಕು. ಹಾಗೆ ದಿನವೂ ನೋಡುವವರಿಗೆ ಫೆಬ್ರವರಿಯ ಸಸ್ಯಹೇನು ನಾಲ್ಕಿರುವಾಗಲೇ ಕಾಣುತ್ತದೆ, ಬೆರಳಲ್ಲೇ ಒರೆಸಿಬಿಡಬಹುದು. ಹಬ್ಬಿದ್ದರೆ ಲೀಟರ್ ನೀರಿಗೆ ಐದು ಮಿಲಿ ಬೇವಿನೆಣ್ಣೆ, ಎರಡು ಹನಿ ಸೋಪು ಕದಡಿ ಸಂಜೆ ಸಿಂಪಡಿಸಿ.

ಬೇಸಿಗೆ ರಜೆಗೆ ಊರಿಗೆ ಹೊರಡುವವರು ಏಪ್ರಿಲ್‌ಗೇ ತರಕಾರಿ ಮುಗಿಸಿ, ಮಲ್ಲಿಗೆ, ಕರಿಬೇವು, ತುಳಸಿಯನ್ನು ಮಾತ್ರ ಪಕ್ಕದ ಮನೆಗೆ ಒಪ್ಪಿಸಿ ಹೋಗಿ. ಮೇ, ಜೂನ್‌ನಲ್ಲಿ ಹೊಸದಾಗಿ ಏನನ್ನೂ ನೆಡಬೇಡಿ, ಕುಂಡ ಬದಲಿಸಬೇಡಿ.

ಮೊದಲ ಸಲ ಕೈಹಾಕುವವರು ಮೂರೇ ಕುಂಡ ಸಾಕು ಮಾಡಿ. ಅಕ್ಟೋಬರ್ ಮೊದಲ ವಾರ ಡಬ್ಬಿಯಲ್ಲಿರುವ ಮೆಂತ್ಯವನ್ನೇ ಒಂದು ಹಿಡಿ ರಾತ್ರಿ ನೆನೆಸಿ, ಬೆಳಗ್ಗೆ ಅಗಲದ ಕುಂಡದಲ್ಲಿ ಹರಡಿ, ಬೆರಳಿನ ಅರ್ಧ ಗೆಣ್ಣಿನಷ್ಟು ಮಣ್ಣು ಮುಚ್ಚಿ. ವಾರದೊಳಗೆ ಮೊಳಕೆ, ತಿಂಗಳಿಗೆ ಸೊಪ್ಪು. ದೀಪಾವಳಿ ಕಳೆಯಲಿ ಎಂದು ಕಾಯಬೇಡಿ. ಚಳಿ ಬಲಿತಷ್ಟೂ ಬೆಳೆ ನಿಧಾನ.