ಮಲಗುವ ವೇಳೆ ಮಕ್ಕಳಿಗೆ ಕತ್ತಲೆಯ ಭಯ

ಹಗಲೆಲ್ಲ ನಲಿದಾಡಿದ ಮಗು, ರಾತ್ರಿ ದೀಪ ಆರಿಸಿದ ಕೂಡಲೇ ತಾಯಿಯ ಸೆರಗನ್ನು ಹಿಡಿದುಕೊಳ್ಳುವುದು ಅನೇಕ ಮನೆಗಳಲ್ಲಿ ಕಂಡುಬರುವ ಸಂಗತಿ. ಬಾಯಾರಿಕೆಯೆಂದು ಒಮ್ಮೆ, ಬಚ್ಚಲಿಗೆಂದು ಮತ್ತೊಮ್ಮೆ, ಇನ್ನೊಂದು ಕಥೆ ಹೇಳೆಂದು ಮಗದೊಮ್ಮೆ ಅದು ಏಳುತ್ತದೆ. ದಣಿದ ಹಿರಿಯರು ಇದನ್ನು ಹಠವೆಂದು ಬಗೆದು ಗದರಿಸುವುದುಂಟು. ಆದರೆ ಈ ನೆಪಗಳ ಹಿಂದೆ ಹಲವು ವೇಳೆ ಇರುವುದು ಭಯ. ಅದು ರೋಗವಲ್ಲ, ಹೇಡಿತನವೂ ಅಲ್ಲ. ಮನಸ್ಸಿನ ಬೆಳವಣಿಗೆಯ ಒಂದು ಹಂತ. ಈ ಹಂತದಲ್ಲಿ ಹಿರಿಯರು ನಡೆದುಕೊಳ್ಳುವ ರೀತಿಯಿಂದ ಭಯವು ಕರಗಲೂಬಹುದು, ಬೇರೂರಲೂಬಹುದು.

ಭಯ ಹುಟ್ಟುವ ಬಗೆ

ಎರಡು ಮೂರು ವರ್ಷ ತುಂಬುವ ಹೊತ್ತಿಗೆ ಮಗುವಿನ ಕಲ್ಪನಾಶಕ್ತಿ ಬೆಳೆಯುತ್ತದೆ. ಎದುರಿಗೆ ಇಲ್ಲದ ವಸ್ತುವನ್ನು ಮನಸ್ಸಿನಲ್ಲಿ ಕಾಣಲು ಅದು ಕಲಿಯುತ್ತದೆ; ಆದರೆ ಕಲ್ಪಿಸಿದ್ದು ಯಾವುದು, ನಿಜವಾದದ್ದು ಯಾವುದು ಎಂಬ ವಿವೇಚನೆ ಇನ್ನೂ ಗಟ್ಟಿಯಾಗಿರುವುದಿಲ್ಲ. ಆದುದರಿಂದಲೇ ಮೂರರಿಂದ ಆರು ವರ್ಷದ ಮಕ್ಕಳಲ್ಲಿ ಈ ಭಯ ಹೆಚ್ಚು. ಶಾಲೆಯ ಮೊದಲ ಕೆಲವು ವರ್ಷಗಳಲ್ಲಿ ಬಹುಪಾಲು ಮಕ್ಕಳಲ್ಲಿ ಅದು ತಾನಾಗಿಯೇ ಇಳಿಯುತ್ತದೆ.

ಇದಕ್ಕೆ ಕಣ್ಣಿನ ಸ್ವಭಾವವೂ ಸೇರಿಕೊಳ್ಳುತ್ತದೆ. ಬೆಳಕಿನಿಂದ ಕತ್ತಲೆಗೆ ಬಂದ ಕಣ್ಣು ಪೂರ್ಣವಾಗಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕಾಗುತ್ತದೆ. ದೀಪ ಆರಿದ ಮೊದಲ ಕ್ಷಣಗಳಲ್ಲಿ ಗೂಟಕ್ಕೆ ನೇತುಹಾಕಿದ ಅಂಗಿ ಮನುಷ್ಯನಂತೆಯೂ ಗಾಳಿಗೆ ಅಲುಗುವ ಪರದೆ ಪ್ರಾಣಿಯಂತೆಯೂ ತೋರುವುದು ಸಹಜ. ಎಲ್ಲಕ್ಕಿಂತ ಮುಖ್ಯವಾಗಿ, ಮಲಗುವ ವೇಳೆ ಎಂದರೆ ತಾಯಿತಂದೆಯರಿಂದ ಅಗಲುವ ವೇಳೆ. 'ಕತ್ತಲೆಗೆ ಹೆದರಿಕೆ' ಎಂದು ಮಗು ಹೇಳುವಾಗ 'ಒಂಟಿಯಾಗಿರಲು ಹೆದರಿಕೆ' ಎಂಬುದೇ ಅದರ ಅರ್ಥವಾಗಿರಬಹುದು.

ದುಡಿಮೆಯ ಊರಿನ ರಾತ್ರಿಗಳು

ಚೆನ್ನೈ ನಗರದ ವಾಯವ್ಯ ಭಾಗದಲ್ಲಿರುವ ಅಂಬತ್ತೂರು ಕಾರ್ಖಾನೆಗಳ ಊರು. 1964ರಲ್ಲಿ ಇಲ್ಲಿ ಸ್ಥಾಪಿತವಾದ ಕೈಗಾರಿಕಾ ವಸಾಹತು ಸಣ್ಣ ಕೈಗಾರಿಕೆಗಳಿಗೆ ಹೆಸರಾಯಿತು; 2011ರಲ್ಲಿ ಅಂಬತ್ತೂರು ಚೆನ್ನೈ ಮಹಾನಗರ ಪಾಲಿಕೆಗೆ ಸೇರಿತು. ಇಂತಹ ಊರುಗಳಲ್ಲಿ ರಾತ್ರಿ ಪಾಳಿಯ ದುಡಿಮೆ ಸಾಮಾನ್ಯ. ಒಂದು ವಾರ ತಂದೆ ಮನೆಯಲ್ಲಿ ಮಲಗುತ್ತಾನೆ. ಮುಂದಿನ ವಾರ ಮಗು ಮಲಗುವ ಹೊತ್ತಿಗೇ ಕೆಲಸಕ್ಕೆ ಹೊರಡುತ್ತಾನೆ. ಊರಿನಲ್ಲಿ ಅಜ್ಜ ಅಜ್ಜಿಯರ ನಡುವೆ ಮಲಗುತ್ತಿದ್ದ ಮಗು, ಉದ್ಯೋಗಕ್ಕಾಗಿ ವಲಸೆ ಬಂದ ಕುಟುಂಬದೊಡನೆ ಹೊಸ ಮನೆಗೆ ಬಂದಾಗ ಅದರ ರಾತ್ರಿಗಳೇ ಬದಲಾಗುತ್ತವೆ. ಮನೆಯಲ್ಲಿ ಕನ್ನಡದ ಗುಮ್ಮನನ್ನೂ ನೆರೆಯಲ್ಲಿ ತಮಿಳಿನ ಪೂಚಾಂಡಿಯನ್ನೂ ಕೇಳುವ ಮಗುವಿಗೆ ಎರಡು ಭಾಷೆಗಳಲ್ಲಿ ಹೆದರಿಕೆ ದೊರೆಯುತ್ತದೆ.

2023ರ ಡಿಸೆಂಬರ್ ಮೊದಲ ವಾರದಲ್ಲಿ ಮಿಚಾಂಗ್ ಚಂಡಮಾರುತದ ಮಳೆಗೆ ಅಂಬತ್ತೂರು ಕೈಗಾರಿಕಾ ವಸಾಹತು ಜಲಾವೃತವಾಯಿತು. ಚೆನ್ನೈನ ಹಲವು ಬಡಾವಣೆಗಳು ದಿನಗಟ್ಟಲೆ ವಿದ್ಯುತ್ ಇಲ್ಲದೆ ಕಳೆದವು. ಇಂತಹ ಆಪತ್ತಿನಲ್ಲಿ ಮಗು ಹಿರಿಯರ ಮುಖವನ್ನೇ ನೋಡುತ್ತದೆ. ಆಗಿರುವುದೇನು, ಮುಂದೆ ಮಾಡುವುದೇನು ಎಂಬುದನ್ನು ಶಾಂತವಾಗಿ ಎರಡು ಮಾತಿನಲ್ಲಿ ತಿಳಿಸಿದರೆ ಅದಕ್ಕೆ ಧೈರ್ಯ ಬರುತ್ತದೆ.

ಗುಮ್ಮನನ್ನು ಕರೆಯಬಾರದು

ಮಗುವನ್ನು ಬೇಗ ಉಣ್ಣಿಸಲು, ಮಲಗಿಸಲು ಗುಮ್ಮನ ಹೆಸರು ಹೇಳುವುದು ಹಳೆಯ ರೂಢಿ. ಪುರಂದರದಾಸರ ಪ್ರಸಿದ್ಧ ಕೀರ್ತನೆಯೊಂದರಲ್ಲಿ ಬಾಲಕೃಷ್ಣನೇ ಗುಮ್ಮನನ್ನು ಕರೆಯಬೇಡವೆಂದು ತಾಯಿಯನ್ನು ಬೇಡಿಕೊಳ್ಳುತ್ತಾನೆ. ಆ ಬೇಡಿಕೆಯನ್ನು ಪ್ರತಿ ಮನೆಯ ಮಗುವಿನ ಬೇಡಿಕೆಯೆಂದೇ ತಿಳಿಯಬೇಕು. ಹೆದರಿಸಿದಾಗ ಮಗು ಆ ಹೊತ್ತಿಗೆ ಸುಮ್ಮನಾಗುತ್ತದೆ, ನಿಜ. ಆದರೆ ಗುಮ್ಮನು ಇದ್ದಾನೆ ಎಂಬುದಕ್ಕೆ ತಾಯಿಯ ಮಾತೇ ಪ್ರಮಾಣವಾಗಿಬಿಡುತ್ತದೆ. ಮರುದಿನ ಅದೇ ತಾಯಿ 'ಅಲ್ಲಿ ಯಾರೂ ಇಲ್ಲ' ಎಂದರೆ ಮಗು ನಂಬುವುದು ಹೇಗೆ? ತುಂಟತನಕ್ಕೆ ಶಿಕ್ಷೆಯಾಗಿ ಕತ್ತಲೆಯ ಕೋಣೆಯಲ್ಲಿ ಕೂಡಿಹಾಕುವುದಂತೂ ಸರ್ವಥಾ ಸಲ್ಲದು. ಶಾಲೆಗಳಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ 2009ರ ಶಿಕ್ಷಣ ಹಕ್ಕು ಕಾಯಿದೆಯು ನಿಷೇಧಿಸಿದೆ. ಶಾಲೆಗೆ ಸಲ್ಲದ್ದು ಮನೆಗೂ ಸಲ್ಲದು.

ತಾಯಿತಂದೆಯರು ಮಾಡಬೇಕಾದುದು

1. ಮಗುವಿನ ಮಾತನ್ನು ನಗದೆ ಕೇಳಬೇಕು. ಯಾವುದು ಹೆದರಿಸಿತೆಂದು ತಿಳಿದರೆ ಪರಿಹಾರವೂ ತಿಳಿಯುತ್ತದೆ. ನೇತಾಡುವ ಅಂಗಿಯೇ ಕಾರಣವಾದರೆ ಅದನ್ನು ಮಡಿಸಿಟ್ಟರೆ ಸಾಕು. ಆದರೆ ಕೋಲು ಹಿಡಿದು ಪ್ರತಿ ರಾತ್ರಿ ಮಂಚದ ಕೆಳಗೆ ಭೂತವನ್ನು ಹುಡುಕಬಾರದು. ಹುಡುಕುವುದೆಂದರೆ ಅದು ಇರಬಹುದೆಂದು ಒಪ್ಪಿದಂತೆ.

2. ಊಟ, ಹಲ್ಲುಜ್ಜುವುದು, ಕಥೆ, ನಿದ್ರೆ ಇವು ಪ್ರತಿದಿನ ಒಂದೇ ಕ್ರಮದಲ್ಲಿ, ಒಂದೇ ವೇಳೆಗೆ ನಡೆಯಬೇಕು. ಮೂರರಿಂದ ಐದು ವರ್ಷದ ಮಗುವಿಗೆ ದಿನಕ್ಕೆ 10ರಿಂದ 13 ಗಂಟೆ, ಆರರಿಂದ ಹನ್ನೆರಡು ವರ್ಷದವರಿಗೆ 9ರಿಂದ 12 ಗಂಟೆ ನಿದ್ರೆ ಅಗತ್ಯ. ಮಲಗುವ ಮುನ್ನ ದೂರದರ್ಶನ, ಮೊಬೈಲು ಬೇಡ.

3. ಮಂದವಾದ ಹಳದಿ ಅಥವಾ ಕೆಂಬಣ್ಣದ ಪುಟ್ಟ ದೀಪವನ್ನು ಉರಿಸಬಹುದು. ಪ್ರಖರವಾದ ಬಿಳಿ ಬೆಳಕು ನಿದ್ರೆಗೆ ನೆರವಾಗುವ ಮೆಲಟೋನಿನ್ ಎಂಬ ಸ್ರಾವವನ್ನು ಕುಗ್ಗಿಸುತ್ತದೆ. ವಿದ್ಯುತ್ ಹೋದಾಗ ಮಗುವಿನ ಬಳಿ ಮೇಣದಬತ್ತಿಗಿಂತ ಟಾರ್ಚು ಸುರಕ್ಷಿತ.

4. ಮಗು ಎಚ್ಚರವಿರುವಾಗಲೇ ಹೇಳಿ ಹೊರಡಬೇಕು. ಕಣ್ಣು ತಪ್ಪಿಸಿ ಹೋಗಬಾರದು. ರಾತ್ರಿ ಪಾಳಿಗೆ ಹೋಗುವ ತಂದೆ 'ನೀನು ಶಾಲೆಗೆ ಹೊರಡುವ ಮೊದಲು ಬರುತ್ತೇನೆ' ಎಂದು ಹೇಳಿ, ಹೇಳಿದಂತೆ ಬಂದರೆ ನಂಬಿಕೆ ಬಲಿಯುತ್ತದೆ.

5. ಕತ್ತಲೆಯೊಡನೆ ಸ್ನೇಹ ಬೆಳೆಸಬೇಕು. ಗೋಡೆಯ ಮೇಲೆ ಬೆರಳುಗಳಿಂದ ನೆರಳಿನ ಜಿಂಕೆ, ಹಕ್ಕಿಗಳನ್ನು ಮೂಡಿಸುವುದು, ಮಾಳಿಗೆಯ ಮೇಲೆ ನಕ್ಷತ್ರ ತೋರಿಸುವುದು ಇವು ಖರ್ಚಿಲ್ಲದ ಉಪಾಯಗಳು.

ಹಂತ ಹಂತವಾಗಿ

ಭಯವನ್ನು ಒಂದೇ ಬಾರಿಗೆ ಕಿತ್ತೊಗೆಯಲು ಹೊರಡುವುದು ತಪ್ಪು. ಅಮೆರಿಕದ ಮನೋವಿಜ್ಞಾನಿ ಮೇರಿ ಕವರ್ ಜೋನ್ಸ್ 1924ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಮೊಲವನ್ನು ಕಂಡರೆ ಹೆದರುತ್ತಿದ್ದ ಸುಮಾರು ಮೂರು ವರ್ಷದ ಬಾಲಕನಿಗೆ ಇಷ್ಟವಾದ ತಿಂಡಿ ಕೊಟ್ಟು, ಅವನು ತಿನ್ನುತ್ತಿರುವಾಗ ಮೊಲವನ್ನು ಸ್ವಲ್ಪ ಸ್ವಲ್ಪವಾಗಿ ಹತ್ತಿರ ತರಲಾಯಿತು. ಕೊನೆಗೆ ಆ ಬಾಲಕ ಮೊಲವನ್ನು ತಾನೇ ಮುಟ್ಟಿ ಆಡಿದನು. ಇದೇ ತತ್ತ್ವ ಕತ್ತಲೆಗೂ ಅನ್ವಯಿಸುತ್ತದೆ. ಮೊದಲು ತಾಯಿ ಹಾಸಿಗೆಯ ಪಕ್ಕದಲ್ಲಿ ಕೂರುವುದು, ಕೆಲವು ದಿನಗಳ ಬಳಿಕ ಬಾಗಿಲ ಬಳಿ ಕೂರುವುದು, ಅನಂತರ ಐದು ನಿಮಿಷಕ್ಕೊಮ್ಮೆ ಬಂದು ನೋಡಿ ಹೋಗುವುದು. ಮಗು ಒಂದು ಮೆಟ್ಟಿಲಲ್ಲಿ ನೆಮ್ಮದಿಯಿಂದ ಇದ್ದರೆ ಮಾತ್ರ ಮುಂದಿನ ಮೆಟ್ಟಿಲು. ಪ್ರತಿ ಗೆಲುವಿಗೂ ಮೆಚ್ಚುಗೆಯ ಮಾತು ಇರಬೇಕು.

ಇರುಳುಗಣ್ಣನ್ನು ಭಯವೆಂದು ಬಗೆಯಬಾರದು

ಕತ್ತಲೆಗೆ ಹಿಂಜರಿಯುವ ಎಲ್ಲ ಮಕ್ಕಳೂ ಹೆದರಿದವರೇ ಆಗಿರುವುದಿಲ್ಲ. ಕೆಲವರಿಗೆ ಮಂದ ಬೆಳಕಿನಲ್ಲಿ ಕಣ್ಣೇ ಕಾಣದಿರಬಹುದು. 'ಎ' ಜೀವಸತ್ವದ ಕೊರತೆಯಿಂದ ಇರುಳುಗಣ್ಣು ಬರುತ್ತದೆ. ಅಲಕ್ಷಿಸಿದರೆ ದೃಷ್ಟಿಯೇ ಹೋಗಬಹುದು. ಹೆದರಿದ ಮಗು ತಾಯಿ ಜೊತೆಗಿದ್ದರೆ ಮುಸ್ಸಂಜೆಯಲ್ಲಿಯೂ ಸರಾಗವಾಗಿ ನಡೆಯುತ್ತದೆ. ಇರುಳುಗಣ್ಣಿನ ಮಗು ತಾಯಿ ಪಕ್ಕದಲ್ಲಿದ್ದರೂ ಎಡವುತ್ತದೆ, ಮುಂದಿರುವ ತಟ್ಟೆಗೆ ತಡಕಾಡುತ್ತದೆ. ಈ ಲಕ್ಷಣ ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಇದನ್ನು ತಡೆಯಲು 1970ರಿಂದ ರಾಷ್ಟ್ರೀಯ ಕಾರ್ಯಕ್ರಮವೊಂದು ಜಾರಿಯಲ್ಲಿದೆ. 9ನೇ ತಿಂಗಳಲ್ಲಿ ಒಂದು ಲಕ್ಷ ಯೂನಿಟ್, ಅನಂತರ ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ ಎರಡು ಲಕ್ಷ ಯೂನಿಟ್ 'ಎ' ಜೀವಸತ್ವದ ದ್ರಾವಣವನ್ನು ಆರೋಗ್ಯ ಕಾರ್ಯಕರ್ತರು ಕುಡಿಸುತ್ತಾರೆ. ಮನೆಯಲ್ಲಿ ತಾವಾಗಿಯೇ ಕೊಡಬಾರದು, ಹೆಚ್ಚಾದರೂ ಅಪಾಯ. ನುಗ್ಗೆಸೊಪ್ಪು, ಹರಿವೆಸೊಪ್ಪು, ಗಜ್ಜರಿ, ಪರಂಗಿ ಹಣ್ಣು, ಮಾವು, ಹಾಲು, ಮೊಟ್ಟೆ ಮಗುವಿನ ಆಹಾರದಲ್ಲಿ ಸೇರಿರಲಿ.

ನೆರವು ಬೇಕಾದಾಗ

ಭಯವು ಆರು ತಿಂಗಳಿಗೂ ಮೀರಿ ತೀವ್ರವಾಗಿ ಉಳಿದರೆ, ನಿದ್ರೆ ಕೆಟ್ಟು ಆಟಪಾಠಗಳಿಗೆ ಅಡ್ಡಿಯಾದರೆ ತಜ್ಞರ ಸಲಹೆ ಪಡೆಯಬೇಕು. ಈವರೆಗೆ ಹೆದರದಿದ್ದ ಮಗು ಇದ್ದಕ್ಕಿದ್ದಂತೆ ಕತ್ತಲೆಗೋ ಒಬ್ಬ ನಿರ್ದಿಷ್ಟ ವ್ಯಕ್ತಿಗೋ ಹೆದರತೊಡಗಿದರೆ, ಯಾರಾದರೂ ಹೊಡೆದಿರಬಹುದೆ, ಅಸಭ್ಯವಾಗಿ ಮುಟ್ಟಿರಬಹುದೆ ಎಂದು ಮೆಲ್ಲನೆ ವಿಚಾರಿಸಿ ತಿಳಿಯಬೇಕು. ಮಕ್ಕಳ ಸಹಾಯವಾಣಿಯ ಸಂಖ್ಯೆ 1098. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ ಸಂಖ್ಯೆ 14416. ಅಲ್ಲಿ ಕನ್ನಡ, ತಮಿಳು ಮೊದಲಾದ ಭಾಷೆಗಳಲ್ಲಿ ಉಚಿತ ಸಲಹೆ ದೊರೆಯುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮಕ್ಕಳ ಮನೋವೈದ್ಯಕೀಯ ವಿಭಾಗವಿದೆ.

ಕತ್ತಲೆಯನ್ನು ಮಗುವಿನ ಬಾಳಿನಿಂದ ತೆಗೆದುಹಾಕಲು ಯಾರಿಂದಲೂ ಆಗದು, ತೆಗೆಯಬೇಕಾಗಿಯೂ ಇಲ್ಲ. ಕರೆದರೆ ಓಗೊಡುವವರು ಹತ್ತಿರದಲ್ಲಿದ್ದಾರೆ ಎಂಬ ಭರವಸೆ ಇದ್ದರೆ ಮಗು ಕತ್ತಲೆಯಲ್ಲಿಯೂ ಕಣ್ಣು ಮುಚ್ಚುತ್ತದೆ. ಆ ಭರವಸೆಯನ್ನು ಕೊಡುವುದು ಪ್ರತಿ ತಾಯಿತಂದೆಯರ ಕರ್ತವ್ಯ.